ಹೊಲ ಧಣಿಯದು, ಹಳ್ಳ ಯಾರದು?

ನಮ್ಮದು ಗದಗ ಜಿಲ್ಲೆಯ ಕಪ್ಪತಗುಡ್ಡದ ಬುಡದ ಒಂದು ಸಣ್ಣ ಊರು. ಊರ ಹೆಸರು, ಮಂದಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಇವತ್ತು ಜಗಳಾಡಿದವರು ನಾಳೆ ಒಂದೇ ಕಟ್ಟೆಯ ಮೇಲೆ ಕೂಡಬೇಕಾದವರು. ನನಗೂ ನನ್ನ ತಮ್ಮನಿಗೂ ಕೂಡಿ ಒಂಬತ್ತು ಎಕರೆ. ಗುಡ್ಡದ ಕಡೆ ಐದು ಎಕರೆ ಮಸಾರಿ, ಕೆಳಗೆ ನಾಲ್ಕು ಎಕರೆ ಎರಿ. ಮಸಾರಿಯಲ್ಲಿ ಶೇಂಗಾ, ಹೆಸರು. ಎರಿಯಲ್ಲಿ ಮೆಣಸಿನಕಾಯಿ, ಹಿಂಗಾರಿ ಜೋಳ, ಕಡಲೆ. ಎರಡು ಸಲ ಬೋರು ಹಾಕಿಸಿ ಎರಡೂ ಸಲ ಬರೀ ಹುಡಿ ನೋಡಿದವರು ನಾವು. ಮಳೆ ನಂಬಿದ ಒಕ್ಕಲುತನ. ನಾನು ಕಲಿತದ್ದು ಏಳನೆಯ ಇಯತ್ತೆ. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು.

2021ರ ಶ್ರಾವಣದಲ್ಲಿ ಒಂದು ದಿನ ಎತ್ತು ಮೇಯಿಸಲು ಗುಡ್ಡದ ಕಡೆ ಹೋದಾಗ ಬಂಡೆಗಳ ಮೇಲೆ ಕೆಂಪು ಬಣ್ಣದ ಗುರುತು ಕಂಡವು. ಪ್ಯಾಂಟು ಹಾಕಿದ ಮೂವರು ಟೇಪು ಹಿಡಿದು ಅಳೆಯುತ್ತಿದ್ದರು. ಏನ್ರಿ ಅಂತ ಕೇಳಿದೆ. "ಧಣ್ಯಾರ ಹೊಲ ಅಳೀತೀವಿ" ಅಂದರು. ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಆಯಿತು: ಅಲ್ಲಿ ಕಲ್ಲು ಕ್ವಾರಿ ಆಗುತ್ತದೆ, ಕೆಳಗೆ ಜಲ್ಲಿ ಕ್ರಷರ್ ಬರುತ್ತದೆ.

ಧಣಿ ಅಂದರೆ ನಮ್ಮ ಭಾಗದ ಹಳೆಯ ರಾಜಕಾರಣಿ. ಮೂರು ಊರಲ್ಲಿ ನೂರು ಎಕರೆಗೂ ಮೇಲೆ ಜಮೀನು. ಕೆಟ್ಟ ಮನುಷ್ಯ ಅಂತ ನಾನು ಬರೆಯಲಾರೆ. ನಮ್ಮೂರ ಸಾಲಿಗೆ ಕೋಣೆ ಕಟ್ಟಿಸಿದ್ದಾರೆ, ಮದುವೆ, ಮಣ್ಣು ಅಂದರೆ ಬಂದು ನಿಲ್ಲುತ್ತಾರೆ. ಗುರುತು ಹಾಕಿದ ಜಾಗ ಅವರ 28 ಎಕರೆ. ಉತಾರದಲ್ಲಿ ಅದು ಹೊಲ. ಕಣ್ಣಿಂದ ನೋಡಿದರೆ ಅಡವಿ. ನಾನು ಹುಟ್ಟಿದಾಗಿನಿಂದ ಅಲ್ಲಿ ನೇಗಿಲು ಹೊಡೆದದ್ದು ಕಂಡಿಲ್ಲ. ದಿಂಡಲ, ತುಗ್ಗಲಿ, ಜಾಲಿ, ಸೀತಾಫಲ, ಕವಳಿ, ಬಾರಿ ಗಿಡಗಳು ಒತ್ತಾಗಿ ಬೆಳೆದಿವೆ. ಅದರ ಮೇಲೆ ಗಾಯರಾಣ ಮತ್ತು ಕುರುಚಲು ಅಡವಿ, ಅದರಾಚೆ ಅಭಯಾರಣ್ಯದ ಗಡಿ. ನಮ್ಮ ಹೊಲದ ಹಳ್ಳ ಹುಟ್ಟುವುದು ಆ 28 ಎಕರೆಯ ನಡುವೆಯೇ.

ಗುಡ್ಡದ ಹಿಂದಿನ ಕಥೆ

ಬೇರೆ ಜಿಲ್ಲೆಯ ಓದುಗರಿಗಾಗಿ ನಾಲ್ಕು ಮಾತು. ಕಪ್ಪತಗುಡ್ಡ ಗದಗ, ಮುಂಡರಗಿ, ಶಿರಹಟ್ಟಿ ಸೀಮೆಯಲ್ಲಿ ಸುಮಾರು 60 ಕಿಲೋಮೀಟರ್ ಉದ್ದಕ್ಕೆ ಹಬ್ಬಿದ ಗುಡ್ಡದ ಸಾಲು. ಔಷಧಿ ಗಿಡಗಳಿಗೆ ಹೆಸರಾದದ್ದು. ತೋಳ, ಕತ್ತೆಕಿರುಬ, ಚಿರತೆ, ಕೊಂಡುಕುರಿ ಇವೆ. ಹೊಟ್ಟೆಯೊಳಗೆ ಬಂಗಾರ ಇದೆ ಅಂತ ಕಂಪನಿಗಳ ಕಣ್ಣೂ ಅದರ ಮೇಲಿದೆ.

2015ರಲ್ಲಿ ಸರ್ಕಾರ 17,872 ಹೆಕ್ಟೇರ್ ಜಾಗವನ್ನು ಸಂರಕ್ಷಿತ ಮೀಸಲು ಪ್ರದೇಶ ಅಂತ ಸಾರಿತು. 2016ರ ನವೆಂಬರಿನಲ್ಲಿ ಅದೇ ಸರ್ಕಾರ ಆ ಆದೇಶ ಹಿಂದಕ್ಕೆ ತೆಗೆದುಕೊಂಡಿತು. ಆಗ ಜನ ಎದ್ದರು. 2017ರ ಫೆಬ್ರುವರಿಯಲ್ಲಿ ಗದಗ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳ ಮುಂದಾಳತ್ವದಲ್ಲಿ ಅಹೋರಾತ್ರಿ ಧರಣಿ ನಡೆಯಿತು. ನಾನೂ ಒಂದು ರಾತ್ರಿ ಅಲ್ಲಿ ಕೂತು ಬಂದೆ. ಅದೇ ವರ್ಷ ಏಪ್ರಿಲಿನಲ್ಲಿ ಆದೇಶ ಮರಳಿ ಬಂತು. 2019ರ ಮೇ ತಿಂಗಳಲ್ಲಿ 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿ ಅಭಯಾರಣ್ಯವಾಯಿತು.

ಇಲ್ಲಿ ಒಂದು ಮಾತು ಮರೆಯದೆ ಬರೆಯಬೇಕು. ಆ ಧರಣಿಗೆ ನಮ್ಮೂರಿಂದ ಹೋದ ಟ್ರ್ಯಾಕ್ಟರಿಗೆ ಡೀಸೆಲ್ ಹಾಕಿಸಿದವರು ಇದೇ ಧಣಿ. ಹೊರಗಿನವರು ಅಗೆಯುತ್ತಾರೆ ಅಂದರೆ ಗುಡ್ಡ ನಮ್ಮೆಲ್ಲರ ತಾಯಿ ಆಗಿತ್ತು. ಒಳಗಿನವರು ಅಗೆಯುತ್ತೇವೆ ಅಂದಾಗ ಅದು ಉದ್ಯೋಗ ಆಯಿತು.

ನನ್ನ ಮುಂದೆ ಬಂದ 70 ಸಾವಿರ

ಕ್ವಾರಿಗೆ ಲಾರಿ ಹೋಗಲು ದಾರಿ ಬೇಕು. ದಾರಿ ನಮ್ಮ ಮಸಾರಿ ಹೊಲದ ಮೇಲೆಯೇ ಹೋಗಬೇಕು. ಧಣಿಯ ಕಡೆಯವರು ಮನೆಗೆ ಬಂದು ಚಹಾ ಕುಡಿದು ಹೇಳಿದರು: ಎರಡು ಎಕರೆ ಕೊಡಿರಿ, ಎಕರೆಗೆ ವರ್ಷಕ್ಕೆ 35 ಸಾವಿರ, ಹತ್ತು ವರ್ಷದ ಕರಾರು.

ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ. ಲೆಕ್ಕ ಹಾಕಿ ನೋಡಿರಿ. ಮಳೆ ಚೆನ್ನಾಗಿ ಆದ ವರ್ಷ ನಮ್ಮ ಮಸಾರಿಯಲ್ಲಿ ಎಕರೆಗೆ ಐದು ಕ್ವಿಂಟಲ್ ಶೇಂಗಾ. 5,500 ರೂಪಾಯಿ ದರ ಹಿಡಿದರೆ 27,500. ಬೀಜ, ಗೊಬ್ಬರ, ಎಡೆ, ಕಳೆ, ಕೀಳುವ ಕೂಲಿ ಎಲ್ಲ ಸೇರಿ 17 ಸಾವಿರ ಖರ್ಚು. ಉಳಿಯುವುದು ಹತ್ತು ಸಾವಿರದ ಐನೂರು. ಅದೂ ಮಳೆ ಆದರೆ. ಇತ್ತ ಕಡೆ ಏನೂ ಬಿತ್ತದೆ, ಆಕಾಶ ನೋಡದೆ 35 ಸಾವಿರ. ಮಗಳ ಮದುವೆಯ ಸಾಲ ಸೊಸೈಟಿಯಲ್ಲಿ ಇನ್ನೂ ಇತ್ತು.

ತಮ್ಮ ಅಂದ: "ಅಣ್ಣಾ, ಗುಡ್ಡ ಅಂತ ಕುಂತ್ರ ಹೊಟ್ಟಿ ತುಂಬೂದಿಲ್ಲ. ಕೊಟ್ಟುಬಿಡೂಣು." ಅವನ ಮಗ ಗೋವಾದಲ್ಲಿ ದುಡಿಯುವ ಹುಡುಗ. ಅವನು ಅಂದ: "ದೊಡ್ಡಪ್ಪ, ಕ್ರಷರ್ ಬಂದ್ರ ನಾನು ಊರಾಗ ಇರತೀನಿ. ಟಿಪ್ಪರ್ ಹೊಡೀಲಾಕ ಬರತೈತಿ ನನಗ." ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರು ವಾರ ತಡಿ ಅಂತ ಹೇಳಿದೆ. ನನ್ನ ಹೆಂಡತಿ ಮಾತ್ರ ಒಂದೇ ಮಾತು ಕೇಳಿದಳು: "ಲಾರಿ ಹ್ವಾದ ಮ್ಯಾಲೆ ಆ ಹೊಂಡದ ಗತಿ ಏನು?"

ಹೊಂಡದ ಲೆಕ್ಕ

ಆ ಹೊಂಡ ನಾವು 2016ರಲ್ಲಿ ಕೃಷಿಭಾಗ್ಯ ಯೋಜನೆಯಲ್ಲಿ ತೋಡಿಸಿದ್ದು. 21 ಮೀಟರ್ ಉದ್ದ, ಅಷ್ಟೇ ಅಗಲ, ಮೂರು ಮೀಟರ್ ಆಳ. ಹಳ್ಳದ ನೀರು ಒಂದು ಕಾಲುವೆ ಹಿಡಿದು ಅದಕ್ಕೆ ಬಂದು ಬೀಳುತ್ತದೆ.

ಅಡವಿಯಲ್ಲಿ ಬಿದ್ದ ಮಳೆಗೂ ಬೋಳು ನೆಲದಲ್ಲಿ ಬಿದ್ದ ಮಳೆಗೂ ಇರುವ ಫರಕು ಹೊಂಡ ತೋಡಿಸಿದವರಿಗೆ ಬೇಗ ತಿಳಿಯುತ್ತದೆ. ಅಡವಿಯಲ್ಲಿ ಎಲೆ, ತರಗು, ಹುಲ್ಲು, ಬೇರು ನೀರನ್ನು ತಡೆಯುತ್ತವೆ. ನೀರು ಕಲ್ಲಿನ ಸೀಳಿನೊಳಗೆ ಇಳಿದು ನಿಧಾನಕ್ಕೆ ಕೆಳಗೆ ಜಿನುಗುತ್ತದೆ. ಆದ್ದರಿಂದಲೇ ನಮ್ಮ ಹಳ್ಳ ಮಳೆ ನಿಂತ ಮೇಲೂ ಕೆಲವು ವಾರ ಹರಿಯುತ್ತದೆ, ಬರುವ ನೀರು ತಿಳಿಯಾಗಿರುತ್ತದೆ. ಬೋಳು ನೆಲದ ನೀರು ಒಂದೇ ತಾಸಿನಲ್ಲಿ ಕೆಂಪಗೆ ಓಡಿ ಬಂದು ಹೊಂಡದಲ್ಲಿ ಮಣ್ಣು ಬಿಟ್ಟು ಹೋಗುತ್ತದೆ.

2023 ನಮ್ಮ ಸೀಮೆಗೆ ಬರದ ವರ್ಷ. ಜುಲೈಯಲ್ಲಿ ಬಂದ ಮಳೆಗೆ ಹೊಂಡ ತುಂಬಿತು. ಆಗಸ್ಟ್ ಪೂರಾ ಒಣ ಹೋಯಿತು. ಡೀಸೆಲ್ ಇಂಜಿನ್ ಹಚ್ಚಿ ಎರಡು ಎಕರೆ ಮೆಣಸಿನ ಗಿಡಕ್ಕೆ ಎರಡು ಸಲ ನೀರು ಕೊಟ್ಟೆವು. ನಮಗೆ ಎಕರೆಗೆ ಮೂರು ಕ್ವಿಂಟಲ್ ಒಣಕಾಯಿ ಬಂತು. ನೀರಿಲ್ಲದ ಪಕ್ಕದ ಹೊಲದಲ್ಲಿ ಒಂದು ಕ್ವಿಂಟಲ್ ಕೂಡ ಆಗಲಿಲ್ಲ. ಕ್ವಿಂಟಲಿಗೆ ಬರೀ 20 ಸಾವಿರ ಹಿಡಿದರೂ ಎಕರೆಗೆ 40 ಸಾವಿರದ ಫರಕು. ಎರಡು ಎಕರೆಗೆ 80 ಸಾವಿರ. ಧಣಿ ಕೊಡುತ್ತೇನೆ ಅಂದ ಬಾಡಿಗೆ 70 ಸಾವಿರ. ಎಲ್ಲ ವರ್ಷ ಹೀಗೆ ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಬರದ ವರ್ಷವೇ ಒಕ್ಕಲಿಗ ಮುಳುಗುವ ವರ್ಷ. ಆ ವರ್ಷ ದಡ ಮುಟ್ಟಿಸಿದ್ದು ಗುಡ್ಡದ ನೀರು.

ಕ್ರಷರ್ ಇರುವ ಊರು ನೋಡಿ ಬಂದೆವು

ಇದು ನಾವು ಬಾಡಿಗೆಯ ಮಾತಿಗೆ ಮೂರು ವಾರ ಗಡುವು ಕೇಳಿದ್ದ ಹೊತ್ತಿನ ಸಂಗತಿ. ಕೇಳಿದ ಮಾತು ನಂಬುವುದಕ್ಕಿಂತ ಕಂಡು ಬರೋಣ ಅಂತ ನಾಲ್ವರು ಬಸ್ ಹತ್ತಿ ಕ್ರಷರ್ ನಡೆಯುವ ಒಂದು ಊರಿಗೆ ಹೋದೆವು. ತಮ್ಮನನ್ನೂ ಕರೆದುಕೊಂಡು ಹೋದೆ.

ಒಳ್ಳೆಯದೂ ಕಂಡಿತು. ಎರಡು ಚಹಾದಂಗಡಿ, ಒಂದು ಪಂಕ್ಚರ್ ಅಂಗಡಿ. ಟಿಪ್ಪರ್ ಇಟ್ಟ ಇಬ್ಬರು ಮನೆ ಕಟ್ಟಿಸಿದ್ದರು. ಆದರೆ ಕ್ರಷರ್‌ನಲ್ಲಿ ದುಡಿಯುವ ಊರಿನವರು ಎಷ್ಟು ಅಂತ ಎಣಿಸಿದರೆ ಹನ್ನೊಂದು ಮಂದಿ. ಉಳಿದವರು ಬಿಹಾರ, ಒಡಿಶಾ ಕಡೆಯ ಹುಡುಗರು, ತಗಡಿನ ಶೆಡ್ಡಿನಲ್ಲಿ ಇರುವವರು. ನಮ್ಮ ಹುಡುಗರು ಗೋವಾಕ್ಕೆ ಹೋದ ಹಾಗೆ ಅವರು ಇಲ್ಲಿಗೆ ಬಂದಿದ್ದಾರೆ.

ಹೊಲಕ್ಕೆ ಹೋದೆವು. ಮೆಣಸಿನ ಎಲೆಯ ಮೇಲೆ ಬೂದಿ ಬಡಿದ ಹಾಗೆ ಹುಡಿ. ಹೂ ನಿಲ್ಲುವುದಿಲ್ಲ ಅಂದರು. ಜೋಳದ ಕಣಕಿ ಎತ್ತುಗಳು ಮೂಸಿ ಬಿಡುತ್ತವೆ, ಜಾಡಿಸಿ ಹಾಕಬೇಕು. ಅಂಥ ಕಣಕಿಯನ್ನು ಬೇರೆ ಊರಿನವರು ಕೊಳ್ಳುವುದಿಲ್ಲ. ಮದ್ದು ಹಾರಿಸಿದಾಗ ಗೋಡೆ ಬಿರುಕು ಬಿಟ್ಟದ್ದನ್ನು ಒಬ್ಬ ಮುದುಕಿ ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದಳು. ಕ್ವಾರಿಯ ಗುಂಡಿ ಬಾವಿಗಿಂತ ಆಳಕ್ಕೆ ಇಳಿದ ಮೇಲೆ ಸುತ್ತಲಿನ ಸೀಳಿನ ನೀರು ಗುಂಡಿಯೊಳಗೆ ಬರುತ್ತದೆ. ಅದನ್ನು ಪಂಪು ಹಚ್ಚಿ ಹೊರಗೆ ಚೆಲ್ಲುತ್ತಾರೆ. ಗುಂಡಿಯ ಮೇಲಿನ ಮಣ್ಣಿನ ದಿಬ್ಬ ಮೊದಲ ಮಳೆಗೇ ಹಳ್ಳಕ್ಕೆ ಇಳಿದಿತ್ತು. ಆ ಹಳ್ಳದ ಕೆಳಗಿನ ಒಂದು ಹೊಂಡ ಅರ್ಧಕ್ಕೂ ಮೇಲೆ ತುಂಬಿತ್ತು, ನೀರಿನಿಂದಲ್ಲ, ಕಲ್ಲಿನ ಹುಡಿಯ ಕೆಸರಿನಿಂದ. ತಮ್ಮ ಅದರ ದಂಡೆಯ ಮೇಲೆ ಬಹಳ ಹೊತ್ತು ನಿಂತ.

ದುಡಿಯುವವರ ಆರೋಗ್ಯದ ಮಾತೂ ಇದೆ. ಕಲ್ಲಿನ ಸಣ್ಣ ಹುಡಿ ವರ್ಷಗಟ್ಟಲೆ ಎದೆಯೊಳಗೆ ಹೋದರೆ ಸಿಲಿಕೋಸಿಸ್ ಅನ್ನುವ ರೋಗ ಬರುತ್ತದೆ, ಅದು ಪೂರಾ ವಾಸಿ ಆಗುವುದಿಲ್ಲ. ಮದ್ದಿನ ಭಯ ಬೇರೆ. 2021ರ ಜನವರಿಯಲ್ಲಿ ಶಿವಮೊಗ್ಗ ಹತ್ತಿರದ ಹುಣಸೋಡಿನಲ್ಲಿ, ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಕ್ವಾರಿಯ ಜಿಲೆಟಿನ್ ಸಿಡಿದು ಜನ ಸತ್ತದ್ದು ಎಲ್ಲರಿಗೂ ನೆನಪಿರಬಹುದು.

ಊರಿಗೆ ಬಂದು ದಾರಿ ಕೊಡುವುದಿಲ್ಲ ಅಂತ ಹೇಳಿ ಕಳಿಸಿದೆ. ತಮ್ಮ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಕಾನೂನು ತಡೆದದ್ದು ಅರ್ಧ

ಅಷ್ಟರಲ್ಲಿ 2022ರ ಜೂನ್ 3ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿತು. ಅಭಯಾರಣ್ಯದ ಸುತ್ತ ಕಡಿಮೆ ಅಂದರೂ ಒಂದು ಕಿಲೋಮೀಟರ್ ಸೂಕ್ಷ್ಮ ವಲಯ ಇರಬೇಕು ಅಂತ. 2023ರ ಏಪ್ರಿಲ್ 26ರಂದು ಆ ಆದೇಶವನ್ನು ಸಡಿಲ ಮಾಡಿದರು, ಆದರೆ ಒಂದು ಕಿಲೋಮೀಟರಿನೊಳಗೆ ಗಣಿಗಾರಿಕೆ ಕೂಡದು ಅನ್ನುವುದನ್ನು ಹಾಗೇ ಉಳಿಸಿದರು. 2024ರ ಅಕ್ಟೋಬರಿನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಕಪ್ಪತಗುಡ್ಡದ ಸುತ್ತಲಿನ ಗಣಿ ಅರ್ಜಿಗಳನ್ನು ತಳ್ಳಿಹಾಕಿತು.

ಗೆದ್ದೆವು ಅಂತ ನಾವು ಪೇಢೆ ಹಂಚಿದ್ದೆವು. ಆದರೆ ಧಣಿಯ 28 ಎಕರೆಯಲ್ಲಿ ಮೇಲಿನ ಭಾಗ ಮಾತ್ರ ಒಂದು ಕಿಲೋಮೀಟರಿನೊಳಗೆ ಬರುತ್ತದೆ. ಕೆಳಗಿನ 12 ಎಕರೆ ಹೊರಗೆ ಉಳಿಯುತ್ತದೆ. ಕೆಂಪು ಗುರುತುಗಳು ಕೆಳಗೆ ಸರಿದವು, ಹೊಸ ಅರ್ಜಿ ಬಂತು. ಕತ್ತೆಕಿರುಬಕ್ಕೆ ಗಡಿ ಗೊತ್ತಿಲ್ಲ, ಹಳ್ಳಕ್ಕೂ ಗೊತ್ತಿಲ್ಲ. ಅಳತೆಪಟ್ಟಿ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಮುಂದಿನದು ಊರಿನವರ ಪಾಲಿನ ಕೆಲಸ.

ಗ್ರಾಮಸಭೆಯಲ್ಲಿ ಆದ ಮಾತು

ಗ್ರಾಮಸಭೆ ಹನಮಪ್ಪನ ಗುಡಿಯ ಮುಂದೆ ಕೂಡಿತು. ಧಣಿಯೇ ಬಂದಿದ್ದರು. ಸಿಟ್ಟು ಮಾಡದೆ ಮಾತಾಡಿದರು.

"ಹೊಲ ನಂದು, ಉತಾರ ನಂದು. ನೀವು ನಿಮ್ಮ ಹೊಲದಾಗ ಬಾವಿ ತೋಡಿದ್ರ, ಮಣ್ಣು ಮಾರಿದ್ರ ನಾ ಬಂದು ಕೇಳೀನೇನು? ಅಲ್ಲಿ ಬಿತ್ತಿದ್ರ ಬೀಜಾನೂ ಬರೂದಿಲ್ಲ. ನಿಮ್ಮ ಮನಿ ತಳಪಾಯದ ಕಲ್ಲು ಎಲ್ಲಿಂದ ಬಂತು? ನಿಮ್ಮ ರಸ್ತೆಕ್ಕ ಜಲ್ಲಿ ಬೇಕಲ್ಲ?"

ಮಾತು ಖರೆ ಇತ್ತು. ನನ್ನ ಮನೆಯ ತಳಪಾಯದ ಕಲ್ಲೂ ಗುಡ್ಡದ್ದೇ. ನಮ್ಮೂರ ಕಲ್ಲುಕುಟಿಗರು ಸುತ್ತಿಗೆ, ಉಳಿ ಹಿಡಿದು ಒಡೆದು ಕೊಟ್ಟದ್ದು.

ಒಬ್ಬ ಕುರಿಗಾರ ಎದ್ದ. ನಮ್ಮ ಕಡೆ ಮಾತಾಡುತ್ತಾನೆ ಅಂದುಕೊಂಡಿದ್ದೆ. "ಅಭಯಾರಣ್ಯ ಆದ ಮ್ಯಾಲೆ ಫಾರೆಸ್ಟಿನವ್ರು ನಮ್ಮ ಕುರಿ ಹೊಡದು ಹಾಕಿದ್ರು. ಆವಾಗ ನಿಮ್ಮೊಳಗ ಒಬ್ಬನೂ ಬರಲಿಲ್ಲ. ಈಗ ಗುಡ್ಡ ಉಳಸ್ರಿ ಅಂತ ನಮ್ಮನ್ನ ಕರೀತೀರಿ" ಅಂದ. ನಾವೆಲ್ಲ ತಲೆ ಕೆಳಗೆ ಹಾಕಿ ಕೂತೆವು. ಅವನ ಮಾತೂ ಖರೆಯೇ.

ಆಮೇಲೆ ಸೀತಾಫಲ, ಕವಳಿ ಹಣ್ಣು ಆರಿಸಿ ಮುಂಡರಗಿ ಸಂತೆಯಲ್ಲಿ ಮಾರುವ ಒಬ್ಬಾಕೆ ಎದ್ದು ನಿಂತಳು. ಗಂಡ ಇಲ್ಲದ ಹೆಣ್ಣುಮಗಳು. "ಧಣ್ಯಾರ, ನೀವು ನನ್ನ ಹಣ್ಣಿಗೆ ಒಂದು ದಿನಾನೂ ಬ್ಯಾಡ ಅಂದಿಲ್ಲ, ಶಿವ ನಿಮ್ಮನ್ನ ಚಲೋ ಇಡ್ಲಿ. ಆದ್ರ ಕಲ್ಲು ಒಂದ ಸಲ ಮಾರಾಕ ಬರತೈತಿ. ಹಣ್ಣು ವರ್ಷಾ ಬರತಾವ" ಅಂದು ಕೂತಳು. ಸಭೆಯಲ್ಲಿ ಅಷ್ಟು ಹೊತ್ತು ಯಾರೂ ಅಷ್ಟು ಸರಿಯಾಗಿ ಮಾತಾಡಿರಲಿಲ್ಲ.

ಕಡೆಗೆ ನಾನು ಎದ್ದೆ. ಭಾಷಣ ನನಗೆ ಬರುವುದಿಲ್ಲ. ಒಡ್ಡಿನ ಮಾತು ಹೇಳಿದೆ. "ಧಣ್ಯಾರ, ಹೊಲ ನಿಮ್ಮದು, ಅದರಾಗ ಎರಡು ಮಾತಿಲ್ಲ. ಆದ್ರ ನಮ್ಮ ಹಿರ್‍ಯಾರು ಒಂದು ಕಟ್ಟಳೆ ಇಟ್ಟಾರ. ಮ್ಯಾಲಿನ ಹೊಲದವ ತನ್ನ ಹೊಲದಾಗಿನ ನೀರಿನ ದಾರಿ ಮುಚ್ಚಬಾರದು, ಕೆಳಗಿನವನ ಹೊಲಕ್ಕ ಮಣ್ಣು ಬಿಡಬಾರದು. ಒಡ್ಡು ಒಡದ್ರ ನಾವು ಐದು ಮಂದಿ ಕೂಡಿ ನ್ಯಾಯ ಮಾಡತೀವಿ. ನಿಮ್ಮ ಹೊಲಾನೂ ಮ್ಯಾಲಿನ ಹೊಲ ಅಷ್ಟ. ಕಲ್ಲು ನಿಮ್ಮದಿರಬಹುದು. ಹುಡಿ, ನೀರು, ಸಪ್ಪಳ ನಿಮ್ಮ ಒಡ್ಡಿನೊಳಗ ನಿಲ್ಲತಾವೇನು? ನಿಲ್ಲಸ್ತೀನಿ ಅಂತ ಬರದು ಕೊಡ್ರಿ, ನಾನ ಮೊದಲ ಸಹಿ ಮಾಡತೀನಿ."

ಧಣಿ ನಕ್ಕರು. "ಏಳನೇ ಇಯತ್ತೆ ಕಲ್ತು ವಕೀಲ ಆದಿ ಬಿಡಪ" ಅಂದರು. ಆದರೆ ಬರೆದು ಕೊಡಲಿಲ್ಲ. ಆ ದಿನ ಠರಾವು ಆಗಲಿಲ್ಲ. ಸಭೆ ಮುಂದಕ್ಕೆ ಹೋಯಿತು.

ನಿಮ್ಮ ಊರಿಗೂ ಬಂದರೆ

ಇಂಥ ಮಾತು ನಿಮ್ಮ ಊರಿಗೂ ಬರಬಹುದು. ನಾವು ಎಡವಿ ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ.

1. ಖಾಲಿ ಹಾಳೆಯ ಮೇಲೆ ಸಹಿ, ಹೆಬ್ಬೆಟ್ಟು ಮಾಡಬೇಡಿರಿ. ನಮ್ಮೂರಲ್ಲಿ "ರಸ್ತೆ ಅರ್ಜಿ" ಅಂತ ಹೇಳಿ ಸಹಿ ತೆಗೆದುಕೊಳ್ಳಲು ಬಂದಿದ್ದರು.

2. ಸ್ವಂತ ಪಟ್ಟಾ ಹೊಲ ಅಂದ ಮಾತ್ರಕ್ಕೆ ಕಲ್ಲು ತೆಗೆಯಲು ಬರುವುದಿಲ್ಲ. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಗುತ್ತಿಗೆ ಬೇಕು. ಅದಕ್ಕೆ ಮೊದಲು ಕಂದಾಯ ಮತ್ತು ಅರಣ್ಯ ಇಲಾಖೆಯ ಅಭಿಪ್ರಾಯ ಕೇಳುತ್ತಾರೆ. ಎಷ್ಟೇ ಸಣ್ಣ ಕ್ವಾರಿ ಇದ್ದರೂ ಪರಿಸರ ಅನುಮತಿ ಬೇಕು ಅಂತ 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

3. ಕ್ವಾರಿ ಬೇರೆ, ಕ್ರಷರ್ ಬೇರೆ. ಕ್ರಷರ್‌ಗೆ 2011ರ ಪ್ರತ್ಯೇಕ ಕಾಯ್ದೆ ಇದೆ, ಪ್ರತ್ಯೇಕ ಲೈಸೆನ್ಸ್ ಇದೆ. ಒಂದರ ಕಾಗದ ತೋರಿಸಿ ಇನ್ನೊಂದನ್ನು ನಡೆಸಲು ಬರುವುದಿಲ್ಲ.

4. ಸ್ವಂತ ಹೊಲದ ಗಿಡ ಕಡಿಯಲೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಬಹಳಷ್ಟು ಜಾತಿಯ ಗಿಡಗಳಿಗೆ ಪರವಾನಗಿ ಬೇಕು.

5. ಅಭಯಾರಣ್ಯ ಹತ್ತಿರ ಇದ್ದರೆ ದೂರವನ್ನು ಅರಣ್ಯ ಇಲಾಖೆಯಿಂದ ಬರವಣಿಗೆಯಲ್ಲಿ ಕೇಳಿರಿ. ದಾರಿಯ ಉದ್ದ ಅಲ್ಲ, ಗಡಿಯಿಂದ ನೇರ ದೂರ.

6. ಕಾಗದ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿರಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಶಬ್ದದೊಳಗೆ ಬರೆಯಬೇಕು. ನನ್ನ ಮೊದಲ ಅರ್ಜಿ ಉದ್ದ ಆಗಿ ತಿರುಗಿ ಬಂತು.

7. ಎಲ್ಲಕ್ಕಿಂತ ಮೊದಲು ಕ್ರಷರ್ ಇರುವ ಒಂದು ಊರನ್ನು ನೋಡಿ ಬನ್ನಿರಿ. ಬೇಕು ಅನ್ನುವವರನ್ನೂ ಕರೆದುಕೊಂಡು ಹೋಗಿರಿ.

ಇನ್ನೂ ಮುಗಿದಿಲ್ಲ

ಈ ಬರಹ ಬರೆಯುವ ಹೊತ್ತಿಗೆ 12 ಎಕರೆಯ ಅರ್ಜಿ ಕಚೇರಿಯಲ್ಲೇ ಇದೆ. ಕುರಿಗಾರರ ಜೊತೆ ಕೂತು, ಮೇಯಿಸುವ ಜಾಗದ ಬಗ್ಗೆ ಅರಣ್ಯ ಕಚೇರಿಗೆ ಅವರ ಅರ್ಜಿಯನ್ನು ನಾವೂ ಸಹಿ ಮಾಡಿ ಕೊಟ್ಟಿದ್ದೇವೆ. ಇದನ್ನು 2019ರಲ್ಲೇ ಮಾಡಬೇಕಿತ್ತು. ಅವರು ಇನ್ನೂ ನಮ್ಮನ್ನು ಪೂರಾ ನಂಬಿಲ್ಲ.

ತಮ್ಮನ ಮಗ ಮತ್ತೆ ಗೋವಾಕ್ಕೆ ಹೋದ. ಬಸ್ಸಿಗೆ ಬಿಡಲು ನಾನೇ ಹೋಗಿದ್ದೆ. "ದೊಡ್ಡಪ್ಪ, ಗುಡ್ಡ ಉಳೀತು ಖರೆ, ನಾ ಹೊಂಟೆ" ಅಂದ. ಆ ಮಾತು ಎದೆಯಲ್ಲಿ ಕೂತಿದೆ. ಕ್ವಾರಿ ಬೇಡ ಅಂದವರ ಮೇಲೆ ಈ ಹುಡುಗರಿಗೆ ಊರಲ್ಲಿ ದುಡಿಮೆ ಹುಡುಕುವ ಹೊಣೆ ಇದೆ ಅಂತ ನನಗೆ ಅನಿಸುತ್ತದೆ. ಎರಡನೆಯ ಹೊಂಡ ತೋಡಿಸಿ ಮಸಾರಿಯಲ್ಲಿ ಸೀತಾಫಲ, ನೆಲ್ಲಿ ಹಚ್ಚಬೇಕು, ನಾಲ್ಕು ಕುರಿ ಕಟ್ಟಬೇಕು ಅಂತ ಯೋಚನೆ ಮಾಡಿದ್ದೇನೆ. ಅದರಿಂದ ಅವನ ಗೋವಾದ ಪಗಾರದಷ್ಟು ಬರುತ್ತದೆ ಅಂತ ಸುಳ್ಳು ಹೇಳಲಾರೆ. ಒಣಬೇಸಾಯದಲ್ಲಿ ಇಂಥ ತೋಟ ಮಾಡಿ ಮಕ್ಕಳನ್ನು ಊರಲ್ಲಿ ಉಳಿಸಿಕೊಂಡ ರೈತರು ಇದ್ದರೆ ಖರ್ಚು-ಉತ್ಪನ್ನದ ಲೆಕ್ಕ ಸಮೇತ ಇದೇ ಪತ್ರಿಕೆಗೆ ಬರೆಯಿರಿ. ನನ್ನಂಥವರಿಗೆ ಅದು ಬೇಕಾಗಿದೆ.

ಮೊನ್ನೆ ಹದ ಮಳೆ ಆಯಿತು. ಹಳ್ಳ ಬಂದಿದೆಯೋ ನೋಡಲು ಹೊಂಡದ ಹತ್ತಿರ ಹೋದೆ. ನನಗಿಂತ ಮೊದಲೇ ತಮ್ಮ ಅಲ್ಲಿದ್ದ. ಸಲಿಕೆ ಹಿಡಿದು ಕಾಲುವೆಯ ಕಸ ತೆಗೆಯುತ್ತಿದ್ದ. ನಾನೂ ಸಲಿಕೆ ತಂದೆ. ಕ್ವಾರಿಯ ಮಾತು ಇಬ್ಬರೂ ಎತ್ತಲಿಲ್ಲ.